ಮೊಳಕೆ ಎಂಬ ಮಾತು: ರಾಮನಗರ ಸೀಮೆಯ ಹೊಲಗಳಲ್ಲಿಯೂ ಕನ್ನಡ ಸತ್ಯವೇದದಲ್ಲಿಯೂ

ಬಿತ್ತುವವನ ಸಾಮ್ಯವನ್ನು ಕುರಿತು ಪ್ರಸಂಗ ಮಾಡದ ಸಭಾಪಾಲಕರು ನಮ್ಮಲ್ಲಿ ವಿರಳ. ಬಿತ್ತುವವನು ಯಾರು, ಬೀಜ ಯಾವುದು, ನೆಲಗಳು ಎಷ್ಟು ಬಗೆ ಎಂಬುದನ್ನು ನಾವು ದೈವಶಾಸ್ತ್ರಾಭ್ಯಾಸದ ಮೊದಲ ವರ್ಷದಲ್ಲಿಯೇ ಕಲಿಯುತ್ತೇವೆ. ಆದರೆ ಬಿತ್ತನೆಗೂ ಕೊಯ್ಲಿಗೂ ನಡುವೆ ನಡೆಯುವ ಕಾರ್ಯವನ್ನು ಹೆಸರಿಸುವ ಮಾತಿನ ಬಳಿ ನಾವು ನಿಲ್ಲುವುದು ಕಡಮೆ. ಆ ಮಾತು ‘ಮೊಳೆ’ ಎಂಬ ಕ್ರಿಯಾಪದ. ಅದರಿಂದ ಹುಟ್ಟಿದ ನಾಮಪದ ‘ಮೊಳಕೆ’. ಈ ಚಿಕ್ಕ ಮಾತು ಹೊಲದಲ್ಲಿ ಯಾವ ಅರ್ಥದಲ್ಲಿ ನಡೆದುಬಂದಿದೆ, ಕನ್ನಡ ಸತ್ಯವೇದದೊಳಗೆ ಯಾವ ಸ್ಥಾನವನ್ನು ಪಡೆದಿದೆ, ನಮ್ಮ ಸಭೆಗಳ ಚರಿತ್ರೆಯಲ್ಲಿ ಅದು ಸರಿಯಾಗಿ ಕೇಳಲ್ಪಟ್ಟಿದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಪರಿಶೀಲನೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲಾಯಿತು. ಇದು ರಾಗಿಯ ಸೀಮೆ, ಬಂಡೆಯ ಸೀಮೆ, ಹಳೆಯ ರೈತಕ್ರೈಸ್ತರ ಸೀಮೆಯೂ ಹೌದು. ಶ್ರೀರಂಗಪಟ್ಟಣದಲ್ಲಿ 17ನೆಯ ಶತಮಾನದ ನಡುಗಾಲದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಮೈಸೂರು ಮಿಷನ್ನನ್ನು ಆರಂಭಿಸಿದಂದಿನಿಂದ ಕಾವೇರಿ–ಅರ್ಕಾವತಿಗಳ ಈ ಭಾಗಕ್ಕೆ ಸುವಾರ್ತೆಯ ಸಂಪರ್ಕವಿದೆ. ಪ್ರತಿ ವರ್ಷ ಕ್ರಿಸ್ತನ ಪಾಡುಗಳ ನಾಟಕವನ್ನಾಡುವ ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಲ್ಲಿ ನೇಗಿಲು ಹಿಡಿದ ಕೈಯೇ ಜಪಮಾಲೆಯನ್ನೂ ಹಿಡಿದಿದೆ.

ಹೊಲದಲ್ಲಿ ಮೊಳಕೆ

ಈ ಸೀಮೆಯ ರೈತರು ಹೊಸದಾಗಿ ಹೊರಡುವ ಹಸಿರನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಬೀಜವನ್ನು ಸೀಳಿಕೊಂಡು ಬರುವುದು ಮೊಳಕೆ. ಇದ್ದ ಗಿಡದ ಕೊಂಬೆಯಿಂದಲೋ ಕಡಿದ ಬುಡದಿಂದಲೋ ಬರುವುದು ಚಿಗುರು. ಬಳ್ಳಿಯ ತುದಿ ಕುಡಿ. ಮೊಳೆತು ಸಾಲು ಕಾಣುವಂತೆ ನಿಂತದ್ದು ಪೈರು. ಸಂಸ್ಕೃತದಿಂದ ಬಂದ ‘ಅಂಕುರ’ವೂ ಮೊಳಕೆಯೇ ಆದರೂ ಅದು ಕಾವ್ಯದ ಮತ್ತು ಪೂಜಾವಿಧಿಯ ಮಾತು. ದೇವಾಲಯದ ಉತ್ಸವಕ್ಕೆ ಮುನ್ನ ಪಾತ್ರೆಗಳಲ್ಲಿ ಧಾನ್ಯ ಮೊಳೆಯಿಸುವ ವಿಧಿಗೆ ಅಂಕುರಾರ್ಪಣವೆಂದು ಹೆಸರು. ಹೊಲದ ಬದುವಿನ ಮೇಲೆ ನಿಂತು ‘ರಾಗಿ ಅಂಕುರಿಸಿತು’ ಎಂದು ಹೇಳುವ ರೈತನಿಲ್ಲ.

ಇನ್ನೊಂದು ಅಂಶ ವ್ಯಾಕರಣಕ್ಕೆ ಸಂಬಂಧಿಸಿದ್ದು. ರೈತನು ಉಳುತ್ತಾನೆ, ಕೂರಿಗೆಯಿಂದ ಬಿತ್ತುತ್ತಾನೆ, ಕುಂಟೆ ಹೊಡೆಯುತ್ತಾನೆ, ಕಳೆ ಕೀಳುತ್ತಾನೆ, ಕೊಯ್ಯುತ್ತಾನೆ. ಈ ಎಲ್ಲ ಕ್ರಿಯೆಗಳಿಗೂ ಅವನೇ ಕರ್ತೃ. ಮೊಳೆಯುವ ಕ್ರಿಯೆಗೆ ಮಾತ್ರ ಬೀಜವೇ ಕರ್ತೃ. ‘ಮಳೆ ಬಂತು’ ಎನ್ನುವಂತೆಯೇ ಅವನು ‘ಮೊಳಕೆ ಬಂತು’ ಎನ್ನುತ್ತಾನೆ. ಹುರಳಿಯನ್ನು ನೆನೆಹಾಕಿ ಬಟ್ಟೆಯಲ್ಲಿ ಮೊಳಕೆ ಕಟ್ಟುವುದು ಈ ಸೀಮೆಯ ಪ್ರತಿಯೊಂದು ಮನೆಯ ವಾಡಿಕೆ. ಅಡುಗೆಮನೆಯಲ್ಲಿ ‘ಮೊಳಕೆ ಬರಿಸು’ ಎಂಬ ಮಾತೂ ಉಂಟು. ಆದರೆ ಅಲ್ಲಿಯೂ ಕೈ ಮಾಡುವ ಕೆಲಸ ನೆನೆಸುವುದು, ಕಟ್ಟುವುದು, ಕಾಯುವುದು ಇಷ್ಟೇ. ಬೆಳಿಗ್ಗೆ ಗಂಟು ಬಿಚ್ಚಿ ನೋಡುವವರೆಗೆ ತಾಯಿಗೂ ಅದರ ಸಂಗತಿ ತಿಳಿಯದು.

ಈ ಮಾತು ಲಿಖಿತ ದಾಖಲೆಯಲ್ಲಿ ಸಿಕ್ಕುವ ಒಂದು ಸಂದರ್ಭ ಗಮನಾರ್ಹವಾದುದು. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ದೇಶದ ಬೇಸಾಯವನ್ನು ನೋಡುತ್ತ ರಾಮಗಿರಿ, ಚನ್ನಪಟ್ಟಣಗಳ ದಾರಿಯಲ್ಲಿಯೂ ಸಂಚರಿಸಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಶ್ರೀರಂಗಪಟ್ಟಣದ ಸುತ್ತಿನ ಭತ್ತದ ಬೇಸಾಯವು ಮೂರು ಬಗೆಯಾಗಿ ವಿಂಗಡಿಸಲ್ಪಟ್ಟಿದೆ: ಒಣ ಬೀಜವನ್ನು ಬಿತ್ತುವ ಬರ ಭತ್ತ, ಮೊಳಕೆ ಬಂದ ಬೀಜವನ್ನು ಕೆಸರಿನಲ್ಲಿ ಚೆಲ್ಲುವ ಮೊಳೆ ಭತ್ತ, ಸಸಿಗಳನ್ನು ಕಿತ್ತು ನೆಡುವ ನಾಟಿ. ರೈತರು ಬೇಸಾಯದ ಬಗೆಗೇ ‘ಮೊಳೆ’ಯ ಹೆಸರನ್ನಿಟ್ಟಿದ್ದರು. ನೆನೆದ ಬೀಜವನ್ನು ಬೆಚ್ಚಗೆ ಮುಚ್ಚಿಟ್ಟು, ಮೊಳೆ ಕಾಣಿಸಿದ ಮೇಲೆ ಗದ್ದೆಗೆ ಒಯ್ಯುವಾಗ ಅದು ಮುರಿಯದಂತೆ ಎಚ್ಚರ ವಹಿಸಬೇಕು. ಮುರಿದರೆ ಆ ಕಾಳು ಬಿತ್ತನೆಗೂ ಇಲ್ಲ, ಊಟಕ್ಕೂ ಇಲ್ಲ. ಮೊಳಕೆ ಎಂದರೆ ಹಿಂದಕ್ಕೆ ಹೋಗಲಾರದ ಸ್ಥಿತಿ ಎಂಬ ಅರಿವು ಈ ಪದ್ಧತಿಯೊಳಗೇ ಇದೆ.

ಭಾಷಾಂತರದಲ್ಲಿ ಮೊಳಿಕೆ

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಕಾರ್ಯದ ಫಲವಾಗಿ 1831ರಲ್ಲಿ ಪೂರ್ಣ ಸತ್ಯವೇದವು ಕನ್ನಡದಲ್ಲಿ ದೊರೆಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದರ ಪರಿಷ್ಕರಣದಲ್ಲಿ ದುಡಿದರು. ಹೀಗೆ ಹಲವರ ಕೈ ದಾಟಿ ನಮ್ಮ ಸಭೆಗಳಲ್ಲಿ ಬಳಕೆಗೆ ಬಂದ ಸತ್ಯವೇದದಲ್ಲಿ ಒಂದು ವಿಶೇಷವಿದೆ. ಸಂಸ್ಕೃತ ಶಬ್ದಗಳನ್ನು ಧಾರಾಳವಾಗಿ ಬಳಸಿದ ಭಾಷಾಂತರಕಾರರು ಮೆಸ್ಸೀಯನ ಒಂದು ಬಿರುದಿಗೆ ಬಂದಾಗ ‘ಅಂಕುರ’ವನ್ನು ಬಿಟ್ಟು ಹೊಲದ ಮಾತನ್ನೇ ತೆಗೆದುಕೊಂಡರು.

ಇಬ್ರಿಯ ಭಾಷೆಯಲ್ಲಿ ‘ತ್ಸೆಮಹ್’ ಎಂದರೆ ಮೊಳೆತು ಬರುವುದು. ಯೆರೆಮೀಯನು ದಾವೀದನ ಸಂತತಿಯಿಂದ ಬರಲಿರುವ ನೀತಿವಂತ ಅರಸನನ್ನು ಈ ಹೆಸರಿನಿಂದ ಕರೆದನು (ಯೆರೆ. 23:5). ಸೆರೆಯಿಂದ ಹಿಂದಿರುಗಿದ ಕಾಲದ ಪ್ರವಾದಿಯಾದ ಜೆಕರ್ಯನು ಅದನ್ನೇ ಅಂಕಿತನಾಮದಂತೆ ಬಳಸಿದನು (ಜೆಕ. 3:8, 6:12). ಈ ಸ್ಥಳಗಳಲ್ಲಿ ನಮ್ಮ ಸತ್ಯವೇದವು ‘ಮೊಳಿಕೆ’ ಎಂದು ಓದುತ್ತದೆ. ಮೊಳಕೆ, ಮೊಳಿಕೆ ಎಂಬವು ಒಂದೇ ಮಾತಿನ ಎರಡು ರೂಪಗಳು. ಬಟ್ಟೆಯ ಗಂಟಿನಲ್ಲಿ ಹುರಳಿಗೆ ಬರುವುದು ಯಾವುದೋ ಅದೇ ಹೆಸರು ಬರಲಿರುವ ಅಭಿಷಿಕ್ತನಿಗೂ ಬಂದಿತು. ಅರಸನಿಗೆ ಇಷ್ಟು ಎಳೆಯ ಹೆಸರೇ ಎಂದು ಪಂಡಿತರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಪ್ರವಾದಿಯ ಉದ್ದೇಶವೇ ಅದು. ಅರಮನೆ ಉರುಳಿದೆ, ಸಿಂಹಾಸನ ಬರಿದಾಗಿದೆ. ಅಂಥ ಕಾಲದಲ್ಲಿ ದೇವರು ಜನರಿಗೆ ತೋರಿಸುವುದು ಮರವನ್ನಲ್ಲ, ಮೊಳಕೆಯನ್ನು.

ಕನ್ನಡ ಮಾತಿನ ವ್ಯಾಕರಣವು ಇಲ್ಲಿ ಇಬ್ರಿಯಕ್ಕೆ ಹತ್ತಿರವಾಗಿದೆ. ‘ಮೊಳೆಯಿಸು’ ಎಂಬ ಪ್ರೇರಣಾರ್ಥಕ ರೂಪ ಹಳೆಯ ಒಡಂಬಡಿಕೆಯಲ್ಲಿ ಬರುವಾಗ ಅದರ ಕರ್ತೃ ದೇವರು (ಆದಿ. 2:9), ಇಲ್ಲವೆ ಆತನು ಕಳುಹಿಸಿದ ಮಳೆ (ಯೆಶಾ. 55:10), ಇಲ್ಲವೆ ತೋಟದ ನೆಲ (ಯೆಶಾ. 61:11). ಮನುಷ್ಯನು ನೆಡಬಹುದು, ನೀರು ಹೊಯ್ಯಬಹುದು. ಬೆಳೆಯಿಸುವವನು ಬೇರೊಬ್ಬನೆಂದು ಕೊರಿಂಥದವರಿಗೆ ಬರೆದಾಗ (1 ಕೊರಿಂ. 3:6–7) ಅಪೊಸ್ತಲನು ಹೊಸ ಸಂಗತಿಯನ್ನು ಹೇಳಲಿಲ್ಲ, ಪಿತೃಗಳ ಭಾಷೆಯಲ್ಲಿ ಮೊದಲೇ ಇದ್ದುದನ್ನು ನೆನಪಿಸಿದನು.

ಮೊಳಕೆ, ಚಿಗುರುಗಳ ಭೇದವನ್ನೂ ಭಾಷಾಂತರಕಾರರು ಬಿಡಲಿಲ್ಲ. ಮಾರ್ಕನು ಬೀಜಕ್ಕೆ ಬಳಸಿದ ಗ್ರೀಕ್ ಕ್ರಿಯಾಪದವನ್ನೇ (ಮಾರ್ಕ 4:27) ಇಬ್ರಿಯರಿಗೆ ಬರೆದ ಪತ್ರಿಕೆಯು ಆರೋನನ ಕೋಲಿಗೆ ಬಳಸಿದೆ (ಇಬ್ರಿ. 9:4). ಕನ್ನಡದಲ್ಲಿ ಬೀಜ ಮೊಳೆಯಿತು, ಕೋಲು ಚಿಗುರಿತು. ಇಷಯನ ಬುಡದಿಂದ ಹೊರಡುವುದೂ ಚಿಗುರೇ (ಯೆಶಾ. 11:1). ಗ್ರೀಕಿನಲ್ಲಿ ಒಂದಾಗಿದ್ದುದನ್ನು ಕನ್ನಡ ರೈತನ ಕಣ್ಣು ಎರಡಾಗಿ ಕಂಡಿತು. ಹಾಗೆ ಕಂಡದ್ದು ಸರಿಯೇ ಆಗಿದೆ.

ಒಂದು ಕಡೆ ಮಾತ್ರ ನಮ್ಮ ಓದುಗರಿಗೆ ನಷ್ಟವಾಗಿದೆ. ಇಬ್ರಿಯ ಶಾಸ್ತ್ರಗಳನ್ನು ಗ್ರೀಕಿಗೆ ತಿರುಗಿಸಿದವರು ತ್ಸೆಮಹ್ ಎಂಬುದಕ್ಕೆ ‘ಅನತೊಲೇ’ ಎಂಬ ಪದವನ್ನಿಟ್ಟರು. ಆ ಪದಕ್ಕೆ ಮೊಳೆತು ಏಳುವುದು ಎಂಬ ಅರ್ಥವೂ ಸೂರ್ಯೋದಯವೆಂಬ ಅರ್ಥವೂ ಇವೆ. ಸ್ನಾನಿಕನಾದ ಯೋಹಾನನ ತಂದೆ ಜಕರೀಯನು ತನ್ನ ಸ್ತೋತ್ರದಲ್ಲಿ ಮೇಲಣಿಂದ ಬರುವ ‘ಅನತೊಲೇ’ಯನ್ನು ಕುರಿತು ಹಾಡಿದಾಗ (ಲೂಕ 1:78) ಪ್ರವಾದಿ ಜೆಕರ್ಯನ ಮೊಳಿಕೆಯೂ ಅದರೊಳಗೆ ಇತ್ತು. ಕನ್ನಡದಲ್ಲಿ ನಮಗೆ ಬೆಳಗು ಉಳಿಯಿತು, ಮೊಳಕೆ ಮರೆಯಾಯಿತು. ಹಾಗೆಂದು ಕನ್ನಡದಲ್ಲಿ ಇಂಥ ಮಾತೇ ಇಲ್ಲವೆಂದಲ್ಲ. ‘ಮೂಡು’ ಎಂಬುದನ್ನು ನೋಡಿರಿ. ಸೂರ್ಯನು ಮೂಡುತ್ತಾನೆ, ಅವನು ಮೂಡುವ ದಿಕ್ಕು ಮೂಡಲು. ಮೊಳಕೆಯೂ ಮೂಡುತ್ತದೆ, ಚಿಗುರೂ ಮೂಡುತ್ತದೆ. ಲೂಕನ ಆ ವಚನವನ್ನು ವಿವರಿಸುವ ಪ್ರಸಂಗಿಗೆ ಈ ಮಾತು ಸಹಾಯಕವಾದೀತು.

‘ಮೊಳೆ’ ಎಂಬ ರೂಪಕ್ಕೆ ಕನ್ನಡದಲ್ಲಿ ಕಬ್ಬಿಣದ ಮೊಳೆ ಎಂಬ ಅರ್ಥವೂ ಉಂಟು; ತಮಿಳಿನ ‘ಮುಳೈ’ಗೂ ಮೊಳಕೆ, ಗೂಟ ಎಂಬ ಎರಡರ್ಥಗಳಿವೆ. ಮಿಷನ್ ಮುದ್ರಣಾಲಯಗಳಲ್ಲಿ ವಾಕ್ಯವನ್ನು ಅಚ್ಚುಮಾಡಿದ ಸೀಸದ ಅಕ್ಷರಗಳಿಗೂ ಅಚ್ಚಿನ ಮೊಳೆ ಎಂದೇ ಹೆಸರಾಯಿತು. ತೋಮನು ನೋಡಬೇಕೆಂದ ಮೊಳೆಗಳ ಗಾಯವನ್ನೂ ಬೀಜದ ಮೊಳಕೆಯನ್ನೂ ಜೋಡಿಸಿ ಪ್ರಸಂಗ ಕಟ್ಟುವ ಆಸೆ ಯಾರಿಗಾದರೂ ಹುಟ್ಟೀತು. ಶಬ್ದಸಾಮ್ಯದ ಮೇಲೆ ಬೋಧನೆಯನ್ನು ಕಟ್ಟಬಾರದೆಂಬ ನಿಯಮವನ್ನು ಇಲ್ಲಿಯೂ ಪಾಲಿಸುವುದು ಲೇಸು. ಹಸುರಾದ ಮೊನೆಯೂ ಕಬ್ಬಿಣದ ಮೊನೆಯೂ ತೂರಿ ಹೋಗುವಂಥವು ಎಂಬಷ್ಟನ್ನು ನೆನಪಿಟ್ಟರೆ ಸಾಕು.

ಬಂಡೆಯ ಮೇಲಣ ಮೊಳಕೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಬಾಲಕರನ್ನು ಹೊಗಳುವಾಗ, ಹೊಸ ಸಭೆಯ ವರದಿ ಬರೆಯುವಾಗ, ದೈವಶಾಸ್ತ್ರ ವಿದ್ಯಾರ್ಥಿಯನ್ನು ಆಯ್ಕೆಮಾಡುವಾಗ ಈ ಗಾದೆ ನಮ್ಮ ತೀರ್ಪನ್ನು ನಡೆಸುತ್ತದೆ. ಆದರೆ ಕರ್ತನ ಸಾಮ್ಯವು ಇದನ್ನು ಒಪ್ಪುವುದಿಲ್ಲವೆಂಬುದನ್ನು ನಾವು ಗಮನಿಸಿದ್ದೇವೆಯೇ?

ಸಾಮ್ಯದಲ್ಲಿ ಎಲ್ಲಕ್ಕಿಂತ ಬೇಗ ಮೊಳೆತದ್ದು ಒಳ್ಳೆಯ ನೆಲದ ಬೀಜವಲ್ಲ, ಬಂಡೆಯ ನೆಲದ್ದು. ಕಾರಣವನ್ನೂ ಮಾರ್ಕನು ಹೇಳಿದ್ದಾನೆ: ಮಣ್ಣಿಗೆ ಆಳವಿರಲಿಲ್ಲ (ಮಾರ್ಕ 4:5). ರಾಮನಗರ, ಮಾಗಡಿಗಳ ಸೀಮೆಯಲ್ಲಿ ಈ ವಚನಕ್ಕೆ ವ್ಯಾಖ್ಯಾನದ ಅಗತ್ಯವೇ ಇಲ್ಲ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲೆಯ ಸಾಲು ಇಲ್ಲಿ ಹಾದುಹೋಗಿದೆ. ಕ್ಲೋಸ್‌ಪೇಟೆಯೆಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ರಾಮದೇವರ ಬೆಟ್ಟ, ಸಾವನದುರ್ಗಗಳಲ್ಲಿ ಮೇಲಕ್ಕೆ ನಿಂತ ಕಲ್ಲೇ ಹೊಲಗಳಲ್ಲಿ ಮಣ್ಣಿನಡಿ ಹಾಸಾಗಿ ಮಲಗಿದೆ. ಗೇಣುದ್ದದ ಮಣ್ಣಿನಡಿಯಲ್ಲಿ ಹಾಸುಬಂಡೆಯಿದ್ದರೆ ಮೊದಲ ಮಳೆಯ ತೇವ ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ, ಬಿಸಿಲಿಗೆ ಕಲ್ಲು ಬೇಗ ಕಾಯುತ್ತದೆ; ತೇವವೂ ಕಾವೂ ಕೂಡಿದ ಕಡೆ ಬೀಜ ಬೇಗ ಬಿರಿಯುತ್ತದೆ. ಆರಿದ್ರಾ ಮಳೆಗೆ ಬಿತ್ತಿದ ರಾಗಿ ಅಲ್ಲಿ ನೆರೆಯ ಎರೆಹೊಲವನ್ನು ನಾಚಿಸುವಂತೆ ಹಸಿರಾಗುತ್ತದೆ. ಪುನರ್ವಸು ಕೈಕೊಟ್ಟರೆ ಮೊದಲು ಕಮರುವುದೂ ಅದೇ.

ಮಾರ್ಕನ ಗ್ರೀಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೀಜ ಮೊಳೆತದ್ದಕ್ಕೂ ಮುಂದಿನ ವಚನದಲ್ಲಿ ಸೂರ್ಯನು ಮೇಲೆದ್ದದ್ದಕ್ಕೂ ಒಂದೇ ಧಾತುವಿನ ಪದಗಳು ಬಂದಿವೆ; ಅದು ಮೇಲೆ ನೋಡಿದ ‘ಅನತೊಲೇ’ಯ ಧಾತುವೇ. ಕನ್ನಡದಲ್ಲಿ ಹೇಳುವುದಾದರೆ, ಬೀಜ ಮೂಡಿತು, ಸೂರ್ಯನೂ ಮೂಡಿದನು. ಅದೇ ಸೂರ್ಯನು ಆಳವಿದ್ದ ಕಡೆ ಪೈರನ್ನು ಬೆಳೆಸಿದನು, ಆಳವಿಲ್ಲದ ಕಡೆ ಸುಟ್ಟನು.

ಆದುದರಿಂದ ಮೊಳಕೆಯನ್ನು ನೋಡಿ ಸಿರಿಯನ್ನು ಅಳೆಯುವುದು ಸಾಮ್ಯದ ಬುದ್ಧಿಯಲ್ಲ. ಅದರ ಬಳಿಯಲ್ಲಿಯೇ ಮಾರ್ಕನೊಬ್ಬನೇ ಬರೆದಿಟ್ಟ ಮತ್ತೊಂದು ಸಾಮ್ಯವಿದೆ (ಮಾರ್ಕ 4:26–29). ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಮೊಳೆಯಿತೆಂಬುದು ಅವನಿಗೆ ತಿಳಿಯದು. ಭೂಮಿಯು ತನ್ನಷ್ಟಕ್ಕೆ ತಾನೇ ಫಲಿಸುತ್ತದೆ. ರಾಗಿ ಬೆಳೆಯುವವರು ಈ ಕ್ರಮವನ್ನು ಪೈರು, ಹೊಡೆ, ತೆನೆ, ಹಾಲುಗಾಳು, ಬಲಿತ ಕಾಳು ಎಂದು ಇನ್ನೂ ವಿವರವಾಗಿ ಎಣಿಸುತ್ತಾರೆ. ಈ ಎಲ್ಲ ಹೆಜ್ಜೆಗಳಲ್ಲಿ ಬಿತ್ತಿದವನಿಗೆ ತಿಳಿಯದೆ ನಡೆಯುವ ಹೆಜ್ಜೆ ಮೊಳಕೆಯದು. ಉಳಿದವು ಕಣ್ಣಿಗೆ ಕಾಣುತ್ತವೆ. ಅದೊಂದು ಮಣ್ಣಿನಡಿ ಆಗುತ್ತದೆ.

ಬರದ ವರ್ಷಗಳ ಪಾಠ

ಈ ಅರಿವು ನಮ್ಮ ಸಭಾಚರಿತ್ರೆಗೆ ಏಕೆ ಬೇಕು? ಧಾತು–ಈಶ್ವರ ಸಂವತ್ಸರಗಳ ಮಹಾಬರವನ್ನು, ಅಂದರೆ 1876ರಿಂದ 1878ರ ವರೆಗಿನ ಕಾಲವನ್ನು, ನೆನೆಯೋಣ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಿತ್ತಿದ್ದು ಮೊಳೆಯಲಿಲ್ಲ, ಮೊಳೆತದ್ದು ಉಳಿಯಲಿಲ್ಲ. ಬಿತ್ತನೆಗೆಂದು ಇಟ್ಟ ರಾಗಿಯೂ ಒಲೆಗೇರಿತು. ಮಿಷನ್‌ಗಳು ಗಂಜಿ ಹೊಯ್ದವು, ಅನಾಥಾಲಯಗಳನ್ನು ತೆರೆದವು. ಆ ಬಾಗಿಲುಗಳಿಂದ ಸಭೆಯೊಳಗೆ ಬಂದವರ ಸಂತತಿ ಇಂದಿಗೂ ನಮ್ಮ ನಡುವೆ ಇದೆ.

ಹೊರಗಿನವರು ಅವರನ್ನು ಗಂಜಿಗಾಗಿ ಬಂದವರೆಂದು ಹೀಯಾಳಿಸಿದರು. ಅದಕ್ಕಿಂತ ದುಃಖಕರವಾದದ್ದು ಒಳಗಿನವರ ಮಾತು. ಬಿತ್ತುವವನ ಸಾಮ್ಯವನ್ನೇ ಹಿಡಿದು, ಇವರು ಆಳವಿಲ್ಲದ ನೆಲ, ಬೇಗ ಮೊಳೆತು ಬೇಗ ಒಣಗುವವರು ಎಂದು ಬಡವರನ್ನು ತೂಗುವ ವಾಡಿಕೆ ನಮ್ಮ ಪ್ರಸಂಗಪೀಠಗಳಲ್ಲಿಯೂ ಬೆಳೆಯಿತು. ಇಂದಿಗೂ ಅದು ಪೂರ್ತಿ ಹೋಗಿಲ್ಲ. ಸಾಮ್ಯವು ಕೇಳುವವರನ್ನು ಎಚ್ಚರಿಸುವುದಕ್ಕಾಗಿ ಹೇಳಲ್ಪಟ್ಟಿತು. ಪೀಠದ ಮೇಲೆ ನಿಂತವನು ಕೆಳಗೆ ಕುಳಿತವರನ್ನು ವಿಂಗಡಿಸುವುದಕ್ಕಾಗಿ ಅಲ್ಲ.

ಈ ದುರುಪಯೋಗಕ್ಕೆ ಉತ್ತರವೂ ಹೊಲದಲ್ಲಿಯೇ ಇದೆ. ಗುಡ್ಡದ ಬುಡದ ಕಲ್ಲುನೆಲವನ್ನು ಯಾರೂ ಬಯಸಿ ಪಡೆಯಲಿಲ್ಲ. ಕೆರೆಯ ಕೆಳಗಿನ ಗದ್ದೆ ಊರಿನ ಪ್ರಬಲರಿಗೆ, ಕಂದಾಯದ ಕಡತದಲ್ಲಿ ಖರಾಬೆಂದು ಬರೆಯಲ್ಪಟ್ಟ ನೆಲ ಊರಾಚೆಯವರಿಗೆ ಎಂಬ ಹಂಚಿಕೆ ಮನುಷ್ಯರದು. ಮಣ್ಣು ತೆಳ್ಳಗಿದೆಯೆಂದು ಆ ಮಣ್ಣನ್ನೇ ನಂಬಿದವನನ್ನು ದೂರುವುದು ನ್ಯಾಯವಲ್ಲ. ಅದಲ್ಲದೆ, ತೆಳ್ಳಗಿನ ಮಣ್ಣು ಎಂದೆಂದಿಗೂ ಹಾಗೆಯೇ ಇರಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಕಲ್ಲನ್ನು ಆರಿಸಿ ಬದು ಕಟ್ಟುತ್ತಾರೆ, ತಿಪ್ಪೆಗೊಬ್ಬರ ಹರಡುತ್ತಾರೆ, ಗೋಡು ಹೊಡೆಯುತ್ತಾರೆ. ತಾತನ ಕಾಲದಲ್ಲಿ ಗೇಣುದ್ದವಿದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಮೊಣಕಾಲುದ್ದವಾಗುತ್ತದೆ. ಮೊಳಕೆಯನ್ನು ತರುವುದು ರೈತನ ಕೈಯಲ್ಲಿಲ್ಲ; ಆಳವನ್ನು ಮಾಡುವುದು ಬಹುಮಟ್ಟಿಗೆ ಅವನ ಕೈಯಲ್ಲಿದೆ.

ಬರದ ಬಾಗಿಲಿನಿಂದ ಬಂದವರಿಗೆ ಅಕ್ಷರ ಕಲಿಸಿದ ಉಪದೇಶಿಗಳು, ಬೈಬಲ್ ಸ್ತ್ರೀಯರು, ಶಾಲೆಯ ಅಯ್ಯಗಳು ಮಾಡಿದ್ದು ಈ ಗೋಡು ಹೊಡೆಯುವ ಕೆಲಸವನ್ನೇ. ಮಿಷನ್ ವರದಿಗಳು ಬಿತ್ತಿದವರ ಹೆಸರುಗಳನ್ನೂ ಕೊಯ್ದವರ ಲೆಕ್ಕಗಳನ್ನೂ ಉಳಿಸಿಕೊಂಡಿವೆ. ಮಣ್ಣು ಹೊತ್ತವರಲ್ಲಿ ಬಹುಮಂದಿಯ ಹೆಸರು ಅವುಗಳಲ್ಲಿ ಇಲ್ಲ. ನಮ್ಮ ಸಭಾಚರಿತ್ರೆಯನ್ನು ಮುಂದೆ ಬರೆಯುವವರು ಈ ಕೊರತೆಯನ್ನು ನೆನಪಿನಲ್ಲಿಡಬೇಕು.

ಇಂದಿನ ಹೊಲದಲ್ಲಿ

ಈ ಸೀಮೆ ಬದಲಾಗುತ್ತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಹು ದೊಡ್ಡದು; ಅದನ್ನು ನಡೆಸುವ ಹಿಪ್ಪುನೇರಳೆಯನ್ನು ಬೀಜದಿಂದಲ್ಲ, ಕಡ್ಡಿ ನೆಟ್ಟು ಬೆಳೆಸುತ್ತಾರೆ. ಅಲ್ಲಿ ರೈತನು ಕಾಯುವುದು ಚಿಗುರನ್ನು. ರಾಗಿಯ ಬೀಜವೂ ಈಗ ಹಲವು ಕಡೆ ರೈತ ಸಂಪರ್ಕ ಕೇಂದ್ರದಿಂದ ಚೀಲದಲ್ಲಿ ಬರುತ್ತದೆ. ಚೀಲಕ್ಕೆ ಹೊಲಿದ ಚೀಟಿಯ ಮೇಲೆ ಮೊಳಕೆಯ ಪ್ರಮಾಣ ಅಚ್ಚಾಗಿರುತ್ತದೆ. ಪ್ರಮಾಣೀಕೃತ ರಾಗಿ ಬೀಜಕ್ಕೆ ಕನಿಷ್ಠ ನೂರಕ್ಕೆ 75 ಇರಬೇಕೆಂಬುದು ನಿಯಮ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ ಬಿತ್ತುತ್ತಿದ್ದ ಹೊಲಗಳು ಬೆಂಗಳೂರಿನ ದಾರಿಯುದ್ದಕ್ಕೂ ನಿವೇಶನಗಳಾಗುತ್ತಿವೆ. ಸಾಸಿವೆ ಕಾಳಿನ ಸಾಮ್ಯವನ್ನು ಕೇಳುವ ಮಗು ಸಾಸಿವೆಯನ್ನು ಒಗ್ಗರಣೆಯಲ್ಲಿ ಮಾತ್ರ ಕಂಡಿರುವ ಕಾಲವಿದು.

ಹೀಗಿರುವಾಗ ಹೊಲ ಕಾಣದ ಸಭೆಗೆ ಹೊಲದ ಮಾತು ಏಕೆ ಎಂಬ ಪ್ರಶ್ನೆ ಸಹಜ. ನಮ್ಮ ಉತ್ತರವಿಷ್ಟು. ಮಾತನ್ನು ಬದಲಿಸುವುದರಿಂದ ಅರ್ಥ ಹಗುರವಾಗುತ್ತದೆ. ‘ಅಂಕುರ’ವೆಂದರೆ ಕಿವಿಗೆ ಗಂಭೀರ, ‘ಅಭಿವೃದ್ಧಿ’ ಎಂದರೆ ವರದಿಗೆ ಅನುಕೂಲ. ಆದರೆ ಮಣ್ಣಿನಡಿಯ ಕತ್ತಲು, ಬಿತ್ತಿದವನ ಅಜ್ಞಾನ, ಹಿಂದಕ್ಕೆ ಹೋಗಲಾಗದ ಆ ಎಳೆಯ ಸ್ಥಿತಿ, ಬಾರದೆ ಹೋದೀತೆಂಬ ಭಯ ಇವೆಲ್ಲ ‘ಮೊಳಕೆ’ಯೊಳಗೆ ಉಳಿದಿರುವಷ್ಟು ಬೇರೆಲ್ಲಿಯೂ ಉಳಿದಿಲ್ಲ. ಕರ್ತನ ಬಿರುದಿಗಾಗಿ ಆ ಮಾತನ್ನೇ ಆರಿಸಿದ ಹಿರಿಯರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ನಗರದ ಮನೆಯಲ್ಲಿಯೂ ಹುರಳಿಯ ಗಂಟು ಇನ್ನೂ ಕಟ್ಟಲ್ಪಡುತ್ತದೆ. ಮಗುವಿಗೆ ಮೊಳಕೆ ರಾಗಿಯ ಸರಿ ಇನ್ನೂ ಉಣಿಸಲ್ಪಡುತ್ತದೆ. ಪ್ರಸಂಗಿಗೆ ಅಲ್ಲಿಂದ ಆರಂಭಿಸಲು ಅವಕಾಶವುಂಟು.

ಈ ಸೀಮೆಯ ಸಭೆಗಳಿಗೆ ಸೇವೆಗಾಗಿ ಹೋಗುವ ಕಿರಿಯ ಸಹೋದರ ಸಹೋದರಿಯರಿಗೆ ನಮ್ಮ ವಿನಂತಿ ಇದು. ಆರಿದ್ರಾ ಮಳೆ ಬಿದ್ದ ವಾರದಲ್ಲಿ ಯಾರಾದರೊಬ್ಬ ಸಭಿಕರ ಹೊಲಕ್ಕೆ ಹೋಗಿರಿ. ಮೊಳಕೆ ಬಂದಿದೆಯೇ ಎಂದು ಅವರು ಬೆರಳಿನಿಂದ ಮಣ್ಣನ್ನು ಮೆಲ್ಲನೆ ಸರಿಸಿ ನೋಡಿ, ಮತ್ತೆ ಮುಚ್ಚುವುದನ್ನು ಗಮನಿಸಿರಿ. ಎಷ್ಟು ಬೇಗ ಬಂತೆಂದು ಅವರು ಹಿಗ್ಗುವುದಿಲ್ಲ. ಕೆಳಗೆ ತೇವ ಎಷ್ಟು ಆಳಕ್ಕಿದೆ ಎಂದು ಕೇಳಿಕೊಳ್ಳುತ್ತಾರೆ. ನಮ್ಮ ವಶಕ್ಕೆ ಕೊಡಲ್ಪಟ್ಟ ಸಭೆಗಳ ವಿಷಯದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ತೇವ ಸಾಲದಿದ್ದರೆ ಮಾಡಬೇಕಾದ ಕೆಲಸವನ್ನು ಈ ನಾಡಿನ ರೈತರು ಬಹುಕಾಲದಿಂದ ಬಲ್ಲರು. ಅವರೊಂದಿಗೆ ಗೋಡು ಹೊರುವುದು ನಮ್ಮ ಪಾಲಿಗೆ ಬಂದ ಸೇವೆ. ಮೊಳಕೆಯನ್ನು ಕರ್ತನು ಕೊಡುವನು.